ಜಗಳೂರಿನ ಗಾಳಿಯಲ್ಲಿ ಸಿಕ್ಕ ಕೂಗು

ಕೋವಿಡ್ ಹಾವಳಿ ತಣ್ಣಗಾದ ಮರುವರ್ಷ ನಾನು ಸರ್ಕಾರಿ ಟಿವಿ ಕೇಂದ್ರವೊಂದರ ಟೇಪ್ ಸಂಗ್ರಹ ವಿಭಾಗದಲ್ಲಿ ಹಿರಿಯ ತಾಂತ್ರಿಕ ಸಿಬ್ಬಂದಿಯಾಗಿದ್ದೆ. ನಿವೃತ್ತಿಗೆ ಕೆಲವೇ ತಿಂಗಳು ಬಾಕಿ. ಹಳೆಯ ವಿಡಿಯೋ ಟೇಪುಗಳಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ಆ ಟೇಪುಗಳನ್ನು ಓಡಿಸುವ ಯಂತ್ರ ಆಗಲೇ ಮುದಿಯಾಗಿತ್ತು, ಅದನ್ನು ಸಂಭಾಳಿಸುವವಳು ನಾನೊಬ್ಬಳೇ ಉಳಿದಿದ್ದೆ. ನಾನು ಹೊರಟ ಮೇಲೆ ಅದನ್ನೂ ಗುಜರಿಗೆ ಹಾಕುತ್ತಾರೆಂದು ಸಹೋದ್ಯೋಗಿಗಳು ತಮಾಷೆ ಮಾಡುತ್ತಿದ್ದರು. ನಿಮಗಿಬ್ಬರಿಗೂ ಒಂದೇ ದಿನ ಹಾರ ಹಾಕ್ತೀವಿ ಮೇಡಂ, ಎನ್ನುತ್ತಿದ್ದರು.

ಆಗ ಭಾನುವಾರ ಬೆಳಿಗ್ಗೆ ಹಳೆಯ ಐತಿಹಾಸಿಕ ಸಾಕ್ಷ್ಯಚಿತ್ರಗಳನ್ನು ಮರುಪ್ರಸಾರ ಮಾಡುವ ಯೋಜನೆಯೊಂದು ಶುರುವಾಗಿತ್ತು. ಸಾಕ್ಷ್ಯಚಿತ್ರವೆಂದರೆ ಜನ ಮೂಗು ಮುರಿಯುತ್ತಾರೆ, ಅದು ನನಗೂ ಗೊತ್ತು. ಮನೆಯಲ್ಲಿ ನಮ್ಮ ಯಜಮಾನರೇ ಇವುಗಳನ್ನು ನಿದ್ದೆ ಮಾತ್ರೆ ಎಂದು ಕರೆಯುತ್ತಿದ್ದರು. ಆದರೆ ನಾನು ಈ ಚಿತ್ರಗಳನ್ನು ನೋಡಿಯೇ ದೊಡ್ಡವಳಾದವಳು. ನ್ಯಾಮತಿಯಲ್ಲಿ ಟಿವಿ ಇದ್ದ ಒಂದೇ ಮನೆಯ ಕಿಟಕಿಗೆ ಜೋತುಬಿದ್ದು ಎಲ್ಲೆಲ್ಲಿಯದೋ ಕೋಟೆ, ಎಲ್ಲೆಲ್ಲಿಯದೋ ಶಾಸನ ನೋಡಿದ್ದೇನೆ. ಅದಕ್ಕೇ ಇರಬೇಕು, ಪಟ್ಟಿಯಲ್ಲಿ ನಮ್ಮ ಸೀಮೆಯದೇ ನಾಲ್ಕು ಕಂತಿನ ಸರಣಿ ಕಂಡಾಗ ಖುಷಿಯಿಂದ ಕುರ್ಚಿಯಿಂದ ಎದ್ದೇ ಬಿಟ್ಟೆ. ಒಂದು ಕಂತು ಚನ್ನಗಿರಿಯ ಕೋಟೆ, ಒಂದು ಹೊನ್ನಾಳಿಯ ಹೊಳೆದಂಡೆ, ಒಂದು ನ್ಯಾಮತಿ ಸುತ್ತಲಿನ ಗುಡಿಗಳು, ಕೊನೆಯದು ಜಗಳೂರಿನ ವೀರಗಲ್ಲುಗಳು. ಚಿತ್ರೀಕರಿಸಿ ಮೂವತ್ತು ವರ್ಷಕ್ಕೂ ಹೆಚ್ಚಾಗಿತ್ತು.

ಸರಣಿಯ ಜಾಹೀರಾತು ಟಿವಿಯಲ್ಲಿ ಬರಲಾರಂಭಿಸಿದ ವಾರ ನಮ್ಮ ವಿಭಾಗಕ್ಕೆ ಒಂದು ಫೋನ್ ಬಂತು. ಫೋನ್ ಮಾಡಿದ್ದು ಜಗಳೂರು ಕಡೆಯ ಒಬ್ಬ ಹೆಣ್ಣುಮಗಳು. ಹೆಸರು ಓಬಮ್ಮ ಎಂದಳು, ಕುರಿ ಸಾಕುತ್ತೇವೆ ಎಂದಳು. ಬಹಳ ಹೊತ್ತು ಹಿಂದೆ ಮುಂದೆ ನೋಡಿ ಕೊನೆಗೆ ಕೇಳಿದಳು.

“ಆ ವೀರಗಲ್ಲಿನ ಪಿಚ್ಚರ್‌ನಾಗೆ ನಮ್ಮವ್ವ ಅದಾಳಂತ್ರೀ. ನಮ್ಮಪ್ಪ ಹೇಳ್ತಿದ್ದ. ಈ ಸಲ ತೋರ್ಸ್ತೀರೇನ್ರೀ?”

ಆಕೆಯ ತಾಯಿಯ ಹೆಸರು ತಿಪ್ಪಕ್ಕ. ಓಬಮ್ಮ ಇನ್ನೂ ಅಂಬೆಗಾಲಿಡುವ ಮೊದಲೇ ಜ್ವರ ಬಂದು ತೀರಿಕೊಂಡಿದ್ದಳು. ಮನೆಯಲ್ಲಿ ಆಕೆಯದೊಂದು ಫೋಟೋ ಇರಲಿಲ್ಲ. ಟಿವಿಯವರು ಊರಾಚೆಯ ಮರಡಿ, ಅಂದರೆ ಸಣ್ಣ ಗುಡ್ಡದ ಮೇಲಿನ ವೀರಗಲ್ಲನ್ನು ಚಿತ್ರೀಕರಿಸಲು ಬಂದ ದಿನ ತಿಪ್ಪಕ್ಕ ಮಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಅಲ್ಲೇ ಕುರಿ ಮೇಯಿಸುತ್ತಿದ್ದಳಂತೆ. ಚಿತ್ರ ಮೊದಲ ಸಲ ಪ್ರಸಾರವಾದಾಗ ಓಬಮ್ಮನ ಅಪ್ಪ ಜಗಳೂರಿಗೆ ಹೋಗಿ ಅಂಗಡಿಯೊಂದರ ಮುಂದೆ ನಿಂತು ಪೂರ್ತಿ ನೋಡಿದ್ದ. ಹೆಂಡತಿ ಕಾಣಲಿಲ್ಲ. ಆದರೂ ಸಾಯುವ ತನಕ ಒಂದೇ ಮಾತು ಹೇಳುತ್ತಿದ್ದ: ಅವಳು ಅತ್ತ ಹೋಗುವಾಗ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು, ನಾನು ಕಣ್ಣಾರೆ ಕಂಡಿದ್ದೇನೆ.

“ಅವ್ವನ ಮಖ ಹೆಂಗಿತ್ತು ಅಂತ ನಂಗೊತ್ತಿಲ್ರೀ ಅಕ್ಕಾ. ಒಂದ್ಸಲ ನೋಡಿದ್ರೆ ಸಾಕು,” ಎಂದಳು.

ನಾನು ನ್ಯಾಮತಿಯವಳೆಂದು ಅವಳಿಗೆ ಹೇಳಿರಲಿಲ್ಲ. ಆದರೆ ಆ ಮಾತಿನ ಧಾಟಿ ಕೇಳಿ ನನ್ನ ಬಾಯಿಯೂ ತಾನಾಗಿ ಊರಿನ ಕಡೆ ಹೊರಳಿತು. “ನೋಡ್ತೀನಮ್ಮ, ಸಿಕ್ರೆ ಖಂಡಿತಾ ಹೇಳ್ತೀನಿ,” ಎಂದು ಫೋನಿಟ್ಟೆ.

ಅಂದೇ ಜಗಳೂರಿನ ಕಂತನ್ನು ಆದಿಯಿಂದ ಅಂತ್ಯದವರೆಗೆ ನೋಡಿದೆ. ಕಲ್ಲು ಇತ್ತು. ದನಗಳನ್ನು ಬಿಡಿಸಿಕೊಳ್ಳಲು ಹೋರಾಡಿ ಸತ್ತ ವೀರ ಇದ್ದ, ಅವನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರಿದ್ದರು, ಕಲ್ಲಿನ ಪಕ್ಕ ನಿಂತು ವಿವರಿಸುವ ವಿದ್ವಾಂಸರಿದ್ದರು. ತಿಪ್ಪಕ್ಕ ಇರಲಿಲ್ಲ. ಪ್ರಸಾರವಾದದ್ದರಲ್ಲಿ ಇಲ್ಲವೆಂದರೆ ಉಳಿದದ್ದು ಒಂದೇ ದಾರಿ, ರಷಸ್. ಚಿತ್ರೀಕರಣದ ಸ್ಥಳದಲ್ಲಿ ತೆಗೆದ, ಇನ್ನೂ ಕತ್ತರಿಸದ ಹಸಿ ಟೇಪುಗಳಿಗೆ ನಾವು ಹಾಗೆನ್ನುತ್ತೇವೆ. ಆದರೆ ಆ ಕಾಲದಲ್ಲಿ ಟೇಪು ತುಟ್ಟಿ. ಚಿತ್ರ ಸಿದ್ಧವಾದೊಡನೆ ರಷಸ್ ಅಳಿಸಿ ಅದೇ ಟೇಪಿನ ಮೇಲೆ ಇನ್ನೊಂದನ್ನು ರೆಕಾರ್ಡ್ ಮಾಡುವುದು ಎಲ್ಲ ಕಡೆ ನಡೆಯುತ್ತಿದ್ದ ರೂಢಿ. ಎಷ್ಟು ಕೋಟೆಗಳ ಮೇಲೆ ಎಷ್ಟು ಕ್ರಿಕೆಟ್ ಪಂದ್ಯಗಳು ಕೂತಿವೆಯೋ ದೇವರೇ ಬಲ್ಲ.

ಆ ತಂಡದಲ್ಲಿ ಇನ್ನೂ ಬದುಕಿದ್ದವರು ಧ್ವನಿಗ್ರಾಹಕ ರುದ್ರಪ್ಪನವರು. ನಿವೃತ್ತರಾಗಿ ಚನ್ನಗಿರಿಯಲ್ಲಿ, ಅಡಿಕೆ ಮಂಡಿಯ ಎದುರಿನ ಓಣಿಯಲ್ಲಿ ಮನೆ ಮಾಡಿಕೊಂಡಿದ್ದರು. ಜೀವಮಾನವಿಡೀ ಯಾರೂ ಮಾತಾಡಬೇಡಿ ಎಂದು ಗದರಿಸಿದ ಮನುಷ್ಯ ಈಗ ಲಾರಿಗಳ ಹಾರ್ನ್ ಕೇಳುತ್ತ ಕೂತಿದ್ದರು. ಫೋನ್ ಮಾಡಿ, ಆ ಹಾರ್ನಿಗೆ ಅವರ ಬೈಗುಳ ಕೇಳಿ ಮುಗಿಸಿದ ಮೇಲೆ ನಾನು ವಿಷಯ ಎತ್ತಿದೆ. ಅವರು ಒಮ್ಮೆಲೇ ಎಚ್ಚರಾದರು.

“ಜಗಳೂರಿನ ಟೇಪಾ? ಅದು ಅಳಿಸಿಲ್ಲ ಕಣಮ್ಮ. ಅಳಿಸ್ಬ್ಯಾಡ್ರೀ ಅಂತ ನಾನೇ ಬಡ್ಕೊಂಡಿದ್ದೆ. ಅದ್ರಾಗೆ ಒಳ್ಳೆ ಗಾಳಿ ಐತೆ!”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿ ಜಾಗಕ್ಕೂ ಅದರದೇ ಆದ ಮೌನವಿರುತ್ತದೆ. ಮಾತು ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಆ ಮೌನವನ್ನೂ ಒಂದಿಷ್ಟು ಹೊತ್ತು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಅದಕ್ಕೆ ಆಂಬಿಯೆನ್ಸ್ ಎಂದು ಹೆಸರು. ಆಮೇಲೆ ಸಂಕಲನ ಮಾಡುವಾಗ ಮಾತಿನ ಸಂದುಗಳಲ್ಲಿ ಅದನ್ನು ತುಂಬುತ್ತಾರೆ. ದನಿ ಮಾತ್ರ ಸಾಕೆಂದರೂ ಆಗಿನ ವ್ಯವಸ್ಥೆಯಲ್ಲಿ ಚಿತ್ರಕ್ಕೂ ದನಿಗೂ ಒಂದೇ ಟೇಪು, ಹಾಗಾಗಿ ಕ್ಯಾಮೆರಾ ಓಡುತ್ತಲೇ ಇರಬೇಕು, ಕೆಂಪು ದೀಪ ಉರಿಯುತ್ತಲೇ ಇರಬೇಕು. ಓಬಮ್ಮನ ಅಪ್ಪ ಕಂಡದ್ದು ಸುಳ್ಳಲ್ಲ ಎಂದು ಆಗ ನನಗೆ ಹೊಳೆಯಿತು.

ಆ ಮರಡಿಯ ಮೇಲೆ ಬಸ್ಸಿಲ್ಲ, ಪಂಪ್‌ಸೆಟ್ಟಿಲ್ಲ, ಬರೀ ಬಯಲುಗಾಳಿ. ಅಂಥ ಶುದ್ಧ ಗಾಳಿ ಮತ್ತೆಲ್ಲೂ ಸಿಗದ ಕಾರಣ ಕೇಂದ್ರದವರು ಅದನ್ನೇ ಎತ್ತಿ ಎತ್ತಿ ಬಳಸಿದ್ದರಂತೆ. ರಾಜಸ್ಥಾನದ ಮರಳಿನ ಮೇಲೆ, ಹಿಮಾಲಯದ ಹಾದಿಯಲ್ಲಿ, ಯುದ್ಧ ಮುಗಿದ ಮೈದಾನದಲ್ಲಿ, ನಮ್ಮ ಎಷ್ಟೋ ಚಿತ್ರಗಳಲ್ಲಿ ಬೀಸಿದ್ದು ಜಗಳೂರಿನ ಗಾಳಿಯೇ.

“ಆದ್ರೆ ಅರ್ಧ ನಿಮಿಷ ಅಷ್ಟೇ ಕಣಮ್ಮ,” ಎಂದು ರುದ್ರಪ್ಪನವರು ರಾಗ ಎಳೆದರು. “ಆಮ್ಯಾಲೆ ಯಾರೋ ಹೆಣ್ಮಗಳು ಕುರಿ ಕೂಗಿ ಎಲ್ಲಾ ಕೆಡಿಸಿಬಿಟ್ಲು. ಮುಂದಿಂದು ಉಪಯೋಗಕ್ಕಿಲ್ಲ ಅಂತ ಬಿಟ್ವಿ.”

ಅವರಿಗೆ ಓಬಮ್ಮನ ವಿಷಯ ಹೇಳಿದೆ. ಅವರು ಹಳೆಯ ಡೈರಿ ಹುಡುಕಿ ಟೇಪಿನ ನಂಬರು ಓದಿ ಹೇಳಿದರು.

ಟೇಪು ಸಿಕ್ಕಿತು. ಆದರೆ ಅದು ತೇವ ಹಿಡಿದು ಕೆಟ್ಟಿತ್ತು. ಹಳೆಯ ಟೇಪು ತೇವ ಹೀರಿಕೊಂಡರೆ ಅದರ ಅಂಟು ಕರಗಿ ಪದರಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಹಾಗೇ ಓಡಿಸಿದರೆ ಚಿತ್ರ ಹೊತ್ತ ಪುಡಿ ಯಂತ್ರಕ್ಕೆ ಕಿತ್ತುಬರುತ್ತದೆ. ಇದಕ್ಕಿರುವ ಉಪಾಯ ಟೇಪನ್ನು ಬೇಯಿಸುವುದು. ನಿಜವಾಗಿಯೂ ಬೇಯಿಸುವುದೇ. ಹದವಾದ ಬಿಸಿಯ ಪೆಟ್ಟಿಗೆಯಲ್ಲಿ ತಾಸುಗಟ್ಟಲೆ ಇಟ್ಟು ತೇವ ಆರಿಸಿ, ತಣ್ಣಗಾಗಲು ಬಿಟ್ಟು, ಆಮೇಲೆ ಓಡಿಸಬೇಕು. ಇಷ್ಟು ಕೆಟ್ಟ ಟೇಪು ಒಮ್ಮೆ ಸರಿಯಾಗಿ ಓಡಿದರೆ ಅದೇ ಪುಣ್ಯ. ಎರಡನೆಯ ಅವಕಾಶ ಸಿಗುವ ಖಾತರಿ ಇರುವುದಿಲ್ಲ.

ನಮ್ಮ ಮುಖ್ಯಸ್ಥರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಜಾಗರೂಕರು. “ದೊಡ್ಡ ಪ್ರಯೋಗಾಲಯಕ್ಕೆ ಕಳಿಸೋಣ, ಸರದಿ ಬಂದಾಗ ಮಾಡ್ತಾರೆ. ಆತುರ ಯಾಕೆ?” ಎಂದರು. ಸರದಿ ಬರುವ ಹೊತ್ತಿಗೆ ಟೇಪು ಇನ್ನಷ್ಟು ಮೆತ್ತಿಕೊಂಡಿರುತ್ತದೆ, ನಾನು ಮನೆಯಲ್ಲಿ ಹಪ್ಪಳ ಒಣಗಿಸುತ್ತಿರುತ್ತೇನೆ, ಎಂದೆ. ಅವರು ನಕ್ಕು ಒಪ್ಪಿಗೆ ಕೊಟ್ಟರು. ಆದರೆ ಇದು ನಾವಿಬ್ಬರೇ ತೀರ್ಮಾನಿಸುವ ಸಂಗತಿಯಲ್ಲ ಎನ್ನಿಸಿತು. ಓಬಮ್ಮನಿಗೆ ಫೋನ್ ಮಾಡಿ, ಓಡಿಸಿದರೆ ಟೇಪು ಉಳಿಯಬಹುದು, ಹಾಳಾಗಲೂಬಹುದು ಎಂದು ಬಿಚ್ಚಿ ಹೇಳಿದೆ.

ಅವಳು ಯೋಚಿಸಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. “ಓಡಿಸ್ರಿ ಅಕ್ಕಾ. ಡಬ್ಬ್ಯಾಗೆ ಇಟ್ಕೊಂಡು ಏನ್ಮಾಡಾಕೆ ಬರ್ತೈತೆ? ಬಂದ್ರೆ ನಮ್ಮವ್ವ. ಬರದಿದ್ರೆ, ಹೆಂಗೂ ಇರ್ಲಿಲ್ಲ.”

ಬೇಯಿಸಿದೆ. ಟೇಪನ್ನು ಮುಟ್ಟಿ ಓದುವ ಯಂತ್ರದ ಹೆಡ್‌ಗಳನ್ನು ಒರೆಸಿ ಒರೆಸಿ ಹೊಳೆಯುವಂತೆ ಮಾಡಿದೆ. ಗುಂಡಿ ಒತ್ತಿದೆ.

ಚಿತ್ರ ಬಂತು. ವಿದ್ವಾಂಸರು ಕಲ್ಲಿನ ಪಕ್ಕ ನಿಂತು ಮಾತು ಮುಗಿಸಿದರು. ಯಾರೋ “ಕಟ್” ಎಂದರು. ಆಮೇಲೆ ಯುವಕ ರುದ್ರಪ್ಪನವರ ದನಿ: “ಆಂಬಿಯೆನ್ಸ್! ಯಾರೂ ಮಾತಾಡ್ಬ್ಯಾಡ್ರೀ!” ಚೌಕಟ್ಟಿನಲ್ಲಿ ಬರೀ ವೀರಗಲ್ಲು, ಅದರ ಹಿಂದೆ ಒಣಹುಲ್ಲಿನ ಬಯಲು. ಗಾಳಿ ಬೀಸಿತು. ನೂರಾರು ಚಿತ್ರಗಳಲ್ಲಿ ಕೇಳಿದ್ದ ಅದೇ ಗಾಳಿ. ಅದು ಮುಗಿಯುವಷ್ಟರಲ್ಲಿ ಕಲ್ಲಿನ ಮರೆಯಿಂದ ದೂರದಲ್ಲಿ ಒಬ್ಬ ಹೆಂಗಸು ನಡೆದು ಬಂದಳು. ತಲೆಯ ಮೇಲೆ ಕಂಬಳಿಯ ಕೊಪ್ಪೆ. ಸೊಂಟದ ಬಳಿ ಒಂದು ಗಂಟಿನ ಹಾಗೆ ಕಾಣುತ್ತಿತ್ತು, ಆ ಗಂಟಿನಿಂದ ಒಂದು ಪುಟ್ಟ ಕಾಲು ಇಳಿಬಿದ್ದಿತ್ತು. ಅದು ಓಬಮ್ಮ.

ಹೆಂಗಸು ನಿಂತಳು. ಕ್ಯಾಮೆರಾದ ಕಡೆ ತಿರುಗತೊಡಗಿದಳು. ಅಷ್ಟರಲ್ಲಿ ಚಿತ್ರ ಹರಿದು ಚಿಂದಿಯಾಯಿತು. ಗೆರೆಗಳು ಬಂದವು, ಪರದೆ ತುಂಬ ಬಿಳಿ ಚುಕ್ಕೆಗಳು ಕುಣಿದವು. ಹೆಡ್‌ಗೆ ಪುಡಿ ಮೆತ್ತಿಕೊಂಡಿತ್ತು. ಮುಖವಿದ್ದ ಜಾಗದ ಟೇಪು ನನ್ನ ಕಣ್ಣೆದುರೇ ಸಿಪ್ಪೆ ಸುಲಿದು ಹೋಗುತ್ತಿತ್ತು. ನಾನು ಅಯ್ಯೋ ಎಂದು ಕೂಗಿಯೇ ಬಿಟ್ಟೆ.

ಆದರೆ ದನಿ ನಿಲ್ಲಲಿಲ್ಲ. ಈ ಯಂತ್ರಗಳಲ್ಲಿ ಚಿತ್ರ ಓದುವ ಹೆಡ್ ಬೇರೆ, ದನಿ ಓದುವ ಹೆಡ್ ಬೇರೆ, ದನಿ ಇರುವುದೂ ಟೇಪಿನ ಅಂಚಿನಲ್ಲಿ. ಒಂದಕ್ಕೆ ಮಂಕು ಕವಿದರೂ ಇನ್ನೊಂದು ತನ್ನ ಪಾಡಿಗೆ ಓದುತ್ತಿರುತ್ತದೆ. ಆ ಕುಣಿಯುವ ಚುಕ್ಕೆಗಳ ಹಿಂದಿನಿಂದ ತಿಪ್ಪಕ್ಕ ಕೂಗಿದಳು. ತಗ್ಗಿನಲ್ಲಿ ಶುರುವಾಗಿ ಎಳೆ ಎಳೆಯಾಗಿ ಏರುವ ಕೂಗು. ನಡುವೆ ತಟಕ್ಕನೆ ತುಂಡಾಗಿ, ನಾಲಿಗೆಯಿಂದ ಎರಡು ಸಲ ಲೊಚಗುಟ್ಟಿ, ಮತ್ತೆ ಮೇಲಿನಿಂದ ಹಿಡಿದು ಕೆಳಗಿಳಿಸುವ ಕೂಗು. ಗಾಳಿ ಅದನ್ನು ಹೊತ್ತು ದೂರ ಒಯ್ಯುತ್ತಿತ್ತು. ಅದನ್ನು ಮತ್ತೆ ಮತ್ತೆ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮುಖ ಮಾತ್ರ, ಏನು ಮಾಡಿದರೂ ಮರಳಿ ಬರಲಿಲ್ಲ.

ಫೋನಿನಲ್ಲಿ ಇದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ. ರಜೆ ಹಾಕಿ, ಸಿಕ್ಕಿದ್ದನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ನ್ಯಾಮತಿಗೆ ಬಂದು, ಹೊನ್ನಾಳಿ ಮೇಲೆ ದಾವಣಗೆರೆಗೆ ಬಸ್ಸು ಹತ್ತಿದೆ. ನಾನು ಹೊರಟದ್ದು ತಿಳಿದು ಅಲ್ಲಿಗೆ ರುದ್ರಪ್ಪನವರೂ ಚನ್ನಗಿರಿಯಿಂದ ಬಂದಿದ್ದರು. ಕೆಡಿಸಿಬಿಟ್ಲು ಅಂದಿದ್ದು ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು ಎಂದು ಕಾಣುತ್ತದೆ.

ಊರು ತಲುಪಿದಾಗ ಸಂಜೆ ಇಳಿಬಿಸಿಲು. ಮೆಕ್ಕೆಜೋಳದ ಹೊಲಗಳ ಆಚೆ ಗೋಕಟ್ಟೆಯ ಬಳಿ ಎರಡು ಮಂದೆಗಳು ನೀರು ಕುಡಿಯಲು ಬಂದು ಒಂದರೊಳಗೊಂದು ಕಲಸಿಹೋಗಿದ್ದವು. ಇವನ್ನು ಹೇಗೆ ಬೇರ್ಪಡಿಸುತ್ತಾರಪ್ಪ ಎಂದು ನಾನು ನೋಡುತ್ತಿರುವಾಗ ದಂಡೆಯ ಮೇಲೆ ನಿಂತಿದ್ದ ಹೆಂಗಸೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು.

ತಗ್ಗಿನಲ್ಲಿ ಶುರುವಾಗಿ ಏರಿತು. ತಟಕ್ಕನೆ ತುಂಡಾಯಿತು. ಎರಡು ಸಲ ಲೊಚಗುಟ್ಟಿದ ಸದ್ದು. ಮತ್ತೆ ಮೇಲಿನಿಂದ ಕೆಳಕ್ಕೆ.

ರುದ್ರಪ್ಪನವರು ನನ್ನ ತೋಳು ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು. ಅರ್ಧ ಕುರಿಗಳು ತಲೆಯೆತ್ತಿ, ಉಳಿದರ್ಧದ ನಡುವಿನಿಂದ ನುಸುಳಿ ಅವಳ ಕಡೆ ಸಾಲಾಗಿ ಹೊರಟವು. ಇನ್ನೊಂದು ಮಂದೆಯ ಕುರಿಗಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಒಬ್ಬೊಬ್ಬರ ಮನೆಯದು ಒಂದೊಂದು ಕೂಗು, ಎಂದು ದಾರಿಹೋಕನೊಬ್ಬ ನನಗೆ ವಿವರಿಸಿದ, ಇದರಲ್ಲಿ ಬೆರಗುಪಡಲು ಏನಿದೆ ಎನ್ನುವ ಹಾಗೆ.

ಅವಳೇ ಓಬಮ್ಮ. ನಾವು ಆ ಕೂಗಿನ ಬಗ್ಗೆ ಏನೂ ಹೇಳದೆ ಅವಳ ಹಿಂದೆಯೇ ಮನೆಗೆ ಹೋದೆವು. ಅವಳು ಕುರಿಗಳನ್ನು ಮನೆಯ ಪಕ್ಕದ ಮುಳ್ಳುಬೇಲಿಯ ರೊಪ್ಪಕ್ಕೆ ಹೊಡೆದು ಬಾಗಿಲು ಹಾಕಿದಳು. ಅವು ಮಲಗಿ ಮೆಲುಕು ಹಾಕತೊಡಗಿದವು. ಒಳಗೆ ಗೋಡೆಗೊರಗಿ ಕೂತಿದ್ದವಳು ಅವಳ ಸೋದರತ್ತೆ ಗಂಗಕ್ಕ, ಅಪ್ಪನ ಅಕ್ಕ. ಕಣ್ಣು ಕಾಣಿಸುತ್ತಿರಲಿಲ್ಲ, ಕಿವಿ ಚುರುಕು. ಚಹಾ ಬಂತು. ಇನ್ನು ತಡಮಾಡುವುದು ಸರಿಯಲ್ಲ ಎಂದು ಮುಖ ಸಿಗಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಟ್ಟೆ. ಓಬಮ್ಮ ತಲೆ ತಗ್ಗಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, “ಇರ್ಲಿ ಬಿಡ್ರಿ ಅಕ್ಕಾ, ಸಿಕ್ಕಿದ್ದೇ ತೋರ್ಸ್ರಿ,” ಎಂದಳು. ಆ ಮಾತು ಕೇಳಿ ನನಗೆ ನಾನೇ ಬೇಡವಾದೆ.

ಪೆನ್‌ಡ್ರೈವ್ ಅವಳ ಮನೆಯ ಟಿವಿಗೇ ಹಾಕಿದೆ. ಕಲ್ಲು ಬಂತು, ಗಾಳಿ ಬಂತು. ದೂರದಲ್ಲಿ ಕಂಬಳಿ ಹೊದ್ದವಳು ಬಂದಳು. ಇಳಿಬಿದ್ದ ಕಾಲನ್ನು ತೋರಿಸಿ “ಅದು ನೀನು,” ಎಂದೆ. ಅವಳು ಪರದೆಯ ಹತ್ತಿರ ಹೋಗಿ ಆ ಕಾಲನ್ನು ಬೆರಳಿಂದ ಮುಟ್ಟಿದಳು. ಆಮೇಲೆ ಚಿತ್ರ ಹರಿಯಿತು, ಬಿಳಿ ಚುಕ್ಕೆ ಕುಣಿಯಿತು, ತಿಪ್ಪಕ್ಕ ಕೂಗಿದಳು.

ಹೊರಗೆ ಧಡಭಡ ಎಂದು ಸದ್ದಾಯಿತು. ಒಂದು ಕುರಿ ಅರಚಿತು, ಅದರ ಹಿಂದೆ ಇನ್ನೊಂದು, ಆಮೇಲೆ ಎಲ್ಲವೂ. ಬಾಗಿಲಿಗೆ ಹೋಗಿ ನೋಡಿದೆವು. ಮಲಗಿದ್ದ ಮಂದೆಯೆಲ್ಲ ಎದ್ದು ಮನೆಯ ಕಡೆಯ ಬೇಲಿಗೆ ಎದೆಯೊತ್ತಿ ನಿಂತಿತ್ತು. ಮೂವತ್ತು ವರ್ಷದ ಹಿಂದೆ ಸತ್ತವಳು ಕರೆದಿದ್ದಳು, ಅವಳನ್ನು ಎಂದೂ ಕಾಣದ ಕುರಿಗಳು ಓಗೊಡುತ್ತಿದ್ದವು. ಕುರಿಗಳಿಗೆ ತಿಳಿದದ್ದು ದನಿಯೋ ಧಾಟಿಯೋ, ಬಲ್ಲವರು ಹೇಳಲಿ. ನಾನು ನೋಡಿದ್ದು ಇಷ್ಟು.

“ನಾನು ಬಾಯೇ ತೆಗ್ದಿಲ್ಲ,” ಎಂದಳು ಓಬಮ್ಮ, ಬೆಪ್ಪಾಗಿ. “ಇದು ಅಪ್ಪನ ಕೂಗು. ಅಪ್ಪ ನಂಗೆ ಕಲಿಸಿದ್ದು.”

ಒಳಗಿನಿಂದ ಗಂಗಕ್ಕ ಮಾತಾಡಿದಳು. “ನಿಮ್ಮಪ್ಪಂದು ಎಲ್ಲಿ ಬಂತೇ ಹುಚ್ಚಿ? ನಮ್ಮ ಮನಿ ಕೂಗು ಬ್ಯಾರೆ ಇತ್ತು. ತಿಪ್ಪಕ್ಕ ಮದ್ವ್ಯಾಗಿ ಬರುವಾಗ ತವರ್ನೋರು ಬಳುವಳಿ ಅಂತ ಕುರಿ ಕೊಟ್ಟಿದ್ರು. ತವರಿನ ಕುರಿ ತವರಿನ ಕೂಗಿಗೇ ಬರೋದು. ನಿಮ್ಮಪ್ಪ ಕೂಗಿ ಕೂಗಿ ಸಾಕಾಗಿ, ಹೆಂಡ್ತಿ ಹತ್ರ ಆ ಕೂಗು ಕಲ್ತ. ಅವಳು ಹೋದ್ಮ್ಯಾಲೆ ಅದ್ನೇ ಇಟ್ಕೊಂಡ. ಈಗ ಕೂಗಿದಾಕಿ ತಿಪ್ಪಕ್ಕನೇ. ಇನ್ನೊಂದ್ಸಲ ಹಾಕ್ರವ್ವಾ.”

ಇನ್ನೊಂದು ಸಲ ಹಾಕಿದೆ. ಆಮೇಲೆ ಎಷ್ಟು ಸಲ ಹಾಕಿದೆನೋ ನೆನಪಿಲ್ಲ. ಓಬಮ್ಮ ಟಿವಿಯ ಮುಂದೆ ಕೂತು ಅಳುತ್ತಿದ್ದಳು, ನಗುತ್ತಿದ್ದಳು, ಹೊರಗೆ ಕುರಿಗಳು ಅರಚುತ್ತಿದ್ದವು. ಬಳುವಳಿಯಾಗಿ ಬಂದ ಕುರಿಗಳು ಯಾವ ಕಾಲಕ್ಕೋ ಸತ್ತಿದ್ದವು. ತಾಯಿಯ ಹಿಂದೆ ಮರಿ, ಆ ಮರಿಯ ಹಿಂದೆ ಅದರ ಮರಿ ಓಡಿ ಓಡಿ ಆ ಕೂಗು ಇಲ್ಲಿಯವರೆಗೆ ಬಂದಿತ್ತು. ನಾನು ಬೇಯಿಸಿ, ಒರೆಸಿ, ಪ್ರಾರ್ಥಿಸಿ ಉಳಿಸಲಾರದೆ ಹೋದದ್ದಕ್ಕಿಂತ ಹೆಚ್ಚನ್ನು ಈ ಮಂದೆ ಹುಲ್ಲು ಮೇಯುತ್ತ ಉಳಿಸಿಕೊಂಡಿತ್ತು.

ಹೊರಡುವಾಗ ರುದ್ರಪ್ಪನವರು ಓಬಮ್ಮನಿಗೆ ಕೈಮುಗಿದರು. “ನಿಮ್ಮವ್ವ ನನ್ನ ಗಾಳಿ ಕೆಡಿಸಿದ್ಲು ಅಂತಿದ್ದೆ ತಾಯಿ. ಅಷ್ಟು ಟೇಪಿನಾಗೆ ಚಲೋ ಇದ್ದಿದ್ದು ಅದೊಂದೇ.”

ಕೇಂದ್ರಕ್ಕೆ ಮರಳಿ ಮುಖ್ಯಸ್ಥರಿಗೆ ದನಿ ಕೇಳಿಸಿದೆ. ಅವರೂ ಕಣ್ಣೊರೆಸಿಕೊಂಡರು. ಓಬಮ್ಮನ ಒಪ್ಪಿಗೆ ಪಡೆದು, ಜಗಳೂರಿನ ಕಂತಿನ ಕೊನೆಯಲ್ಲಿ, ಹೆಸರುಗಳು ಮುಗಿದ ಮೇಲೆ, ಬರೀ ವೀರಗಲ್ಲನ್ನು ತೋರಿಸುತ್ತ ಆ ಗಾಳಿಯನ್ನೂ ಕೂಗನ್ನೂ ಹಾಗೇ ಬಿಡುವುದೆಂದು ತೀರ್ಮಾನವಾಯಿತು. ಆ ಕಲ್ಲಿನ ಮೇಲೆ ದನಗಳಿಗಾಗಿ ಸತ್ತವನ ಹೆಸರಿದೆ. ಅದರ ಜೊತೆ ಕುರಿ ಕರೆದವಳ ಹೆಸರೂ ತೆರೆಯ ಮೇಲೆ ಬಂತು.

ವೃತ್ತಿ ನನಗೆ ಕಲಿಸಿದ್ದು ಏನೆಂದು ಬೀಳ್ಕೊಡುಗೆಯ ದಿನ ಕಿರಿಯರು ಕೇಳಿದರು. ಟೇಪನ್ನು ಕೊನೆಯ ತನಕ ಕೇಳಿ, ‘ಕಟ್’ ಎಂದ ಮೇಲೂ ಕೇಳಿ ಎಂದಷ್ಟೇ ಹೇಳಿದೆ. ಚರಿತ್ರೆ ನಾವು ಕ್ಯಾಮೆರಾ ತಿರುಗಿಸಿದ ಕಡೆಯೇ ನಿಂತಿರುತ್ತದೆ ಎಂದು ನಂಬಿ ನಾನು ಅಷ್ಟು ವರ್ಷ ದುಡಿದಿದ್ದೆ. ಅದು ಕಲ್ಲಿನ ಹಿಂದೆ, ಸೊಂಟಕ್ಕೆ ಕೂಸು ಕಟ್ಟಿಕೊಂಡು, ತನ್ನ ಕೆಲಸ ಮಾಡಿಕೊಂಡು ಹೋಗುತ್ತಿತ್ತು.

ಪ್ರಸಾರವಾದ ಭಾನುವಾರ ಚಿತ್ರ ಮುಗಿದ ಸ್ವಲ್ಪ ಹೊತ್ತಿಗೆ ಓಬಮ್ಮನ ಫೋನ್ ಬಂತು. ಹಿಂದೆ ಕುರಿಗಳ ಗದ್ದಲ, ಪಾತ್ರೆ ಉರುಳಿದ ಸದ್ದು, ಗಂಗಕ್ಕನ ನಗು. ಏನಾಯ್ತು ಎಂದು ಕೇಳಿದೆ.

“ಇವತ್ತು ಕುರಿ ಬಿಡಾಕೆ ನಾನು ಕೂಗ್ಲಿಲ್ಲ ಅಕ್ಕಾ. ರೊಪ್ಪದ ಬಾಗ್ಲು ತೆಗ್ದು, ಟೀವಿ ಜೋರು ಮಾಡಿ ಸುಮ್ನೆ ಕುಂತಿದ್ದೆ. ನಮ್ಮವ್ವ ಕರೆದ್ಲು. ಅಷ್ಟೂ ಮನಿಯೊಳಗೆ ಬಂದ್ವು.”